ಬೈಬಲ್ ಓದುವ ಅಭ್ಯಾಸ: ಮೊದಲ ದಿನದಿಂದ ಮೊದಲ ವರ್ಷದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಬೈಬಲನ್ನು ಪೂರ್ತಿಯಾಗಿ ಓದಬೇಕೆಂದು ಹೊರಟವರಲ್ಲಿ ಬಹಳ ಮಂದಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಂತುಬಿಡುತ್ತಾರೆ. ಆದಿಕಾಂಡದ 50 ಅಧ್ಯಾಯಗಳು ಕಥೆಯ ಓಟದಲ್ಲಿ ಮುಗಿಯುತ್ತವೆ. ವಿಮೋಚನಕಾಂಡದ ಮೊದಲ 20 ಅಧ್ಯಾಯಗಳಲ್ಲಿಯೂ ಐಗುಪ್ತದ ದಾಸತ್ವ, ಹತ್ತು ಬಾಧೆಗಳು, ಸಮುದ್ರವನ್ನು ದಾಟಿದ್ದು, ಹತ್ತು ಆಜ್ಞೆಗಳು ಎಂದು ಓದು ಸರಾಗವಾಗಿ ಸಾಗುತ್ತದೆ. 25ನೆಯ ಅಧ್ಯಾಯದಿಂದ ದೇವದರ್ಶನದ ಗುಡಾರದ ಅಳತೆ, ಕಂಬ, ಪರದೆ, ಕೊಂಡಿಗಳ ವಿವರ ಶುರುವಾಗುತ್ತದೆ. ಅದನ್ನು ಹೇಗೋ ದಾಟಿದವರು ಯಾಜಕಕಾಂಡದ ಬಲಿವಿಧಿಗಳ ನಡುವೆ ಪುಸ್ತಕವನ್ನು ಮುಚ್ಚಿಡುತ್ತಾರೆ, ಮುಂದಿನ ವರ್ಷ ಮತ್ತೆ ಆದಿಕಾಂಡದ ಮೊದಲ ಅಧ್ಯಾಯಕ್ಕೆ ಬರುತ್ತಾರೆ.

ಹೀಗೆ ನಿಂತವರು ತಮ್ಮ ಸೋಮಾರಿತನವನ್ನೋ ಭಕ್ತಿಯ ಕೊರತೆಯನ್ನೋ ಹಳಿದುಕೊಳ್ಳುವುದುಂಟು. ನನ್ನ ದೃಷ್ಟಿಯಲ್ಲಿ ಎಡವಟ್ಟಾಗಿರುವುದು ಓದುವ ಕ್ರಮದಲ್ಲಿ. ಬೈಬಲ್ ಎನ್ನುವುದು ಹಲವು ಶತಮಾನಗಳಲ್ಲಿ, ಹೀಬ್ರೂ, ಅರಾಮಿಕ್ ಮತ್ತು ಗ್ರೀಕ್ ಭಾಷೆಗಳಲ್ಲಿ ಬರೆಯಲ್ಪಟ್ಟ ಪುಸ್ತಕಗಳ ಸಂಗ್ರಹ. ಅದರ ಜೋಡಣೆ ಕಾಲಾನುಕ್ರಮವನ್ನು ಪೂರ್ತಿ ಅನುಸರಿಸುವುದಿಲ್ಲ, ಹೊಸ ಓದುಗನ ಅನುಕೂಲವನ್ನಂತೂ ನೋಡುವುದೇ ಇಲ್ಲ. ಯೇಸುವಿನ ಸಂದೇಶವನ್ನು ಊರೂರಿಗೆ ಸಾರಿದ ಪೌಲನು ಕ್ರೈಸ್ತ ಸಭೆಗಳಿಗೆ ಬರೆದ ಪತ್ರಿಕೆಗಳನ್ನು (ಅಂದರೆ ಕಾಗದಗಳನ್ನು) ಹೆಚ್ಚುಕಡಿಮೆ ಉದ್ದದಿಂದ ಚಿಕ್ಕದಕ್ಕೆ ಇಳಿಯುವಂತೆ ಜೋಡಿಸಲಾಗಿದೆಯೇ ಹೊರತು ಬರೆದ ಕಾಲಕ್ಕೆ ತಕ್ಕಂತೆ ಅಲ್ಲ. ಆದ್ದರಿಂದ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬುದನ್ನು ಓದುಗರು ತಾವೇ ಆರಿಸಿಕೊಳ್ಳಬೇಕಾಗುತ್ತದೆ. ಕೆಳಗಿನ ಹಂತಗಳನ್ನು ಕೊಟ್ಟಿರುವ ಅನುಕ್ರಮದಲ್ಲಿಯೇ ಪಾಲಿಸುವುದು ಒಳ್ಳೆಯದು. ವಿಶ್ವಾಸದಿಂದ ಓದುವವರಿಗೂ ಕುತೂಹಲದಿಂದ ಓದುವವರಿಗೂ ಇವು ಒಂದೇ ಬಗೆಯಲ್ಲಿ ಅನ್ವಯಿಸುತ್ತವೆ.

## ಆರಂಭಿಸುವ ಮುನ್ನ ಬೇಕಾದ ಸಾಮಗ್ರಿ

ಮೊದಲನೆಯದಾಗಿ, ತಡೆಯಿಲ್ಲದೆ ಅರ್ಥವಾಗುವ ಭಾಷೆಯ ಒಂದು ಅನುವಾದ ಬೇಕು. ಕನ್ನಡದಲ್ಲಿ ಹಳೆಯ ಗ್ರಾಂಥಿಕ ಶೈಲಿಯ ಅನುವಾದವೂ ಇದೆ, ಸರಳ ಭಾಷೆಯ ಅನುವಾದಗಳೂ ಇವೆ. ಪ್ರತಿದಿನದ ಓದಿಗೆ ಸರಳವಾದುದನ್ನು ಇಟ್ಟುಕೊಂಡು, ಅರ್ಥ ಸ್ಪಷ್ಟವಾಗದ ಕಡೆ ಇನ್ನೊಂದರೊಂದಿಗೆ ಹೋಲಿಸಿ ನೋಡಬಹುದು. ಒಂದೇ ಪುಸ್ತಕದ ಹೆಸರು ಅನುವಾದದಿಂದ ಅನುವಾದಕ್ಕೆ ಸ್ವಲ್ಪ ಬೇರೆಯಾಗಿರುತ್ತದೆ. ಪ್ರೊಟೆಸ್ಟಂಟ್ ಬೈಬಲಿನಲ್ಲಿ 66 ಪುಸ್ತಕಗಳಿದ್ದರೆ ಕ್ಯಾಥೊಲಿಕ್ ಬೈಬಲಿನಲ್ಲಿ 73 ಇರುತ್ತವೆ. ಬೈಬಲಿನ ಎರಡು ಭಾಗಗಳಲ್ಲಿ ಯೇಸುವಿಗಿಂತ ಹಿಂದಿನ ಬರಹಗಳದು ಹಳೆಯ ಒಡಂಬಡಿಕೆ, ಯೇಸು ಮತ್ತು ಆತನ ಶಿಷ್ಯರ ಕಾಲದ್ದು ಹೊಸ ಒಡಂಬಡಿಕೆ. ಇಬ್ಬರ ಹೊಸ ಒಡಂಬಡಿಕೆಯಲ್ಲಿಯೂ ಇರುವುದು ಅದೇ 27 ಪುಸ್ತಕಗಳಾದ್ದರಿಂದ, ಹೆಚ್ಚಿನ ಏಳೂ ಹಳೆಯ ಒಡಂಬಡಿಕೆಯಲ್ಲಿವೆ.

ಅಡಿಟಿಪ್ಪಣಿಗಳಿರುವ ಪ್ರತಿಯಾದರೆ ಇನ್ನೂ ಉತ್ತಮ. ಮಾರ್ಕ 16:9ರಿಂದ 20ರವರೆಗಿನ ಭಾಗ (16ನೆಯ ಅಧ್ಯಾಯದ 9ರಿಂದ 20ನೆಯ ವಚನ) ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲವೆಂಬಂತಹ ಸಂಗತಿಗಳು ಅಲ್ಲಿಯೇ ಸಿಗುತ್ತವೆ. ಪುಟದ ಬುಡದಲ್ಲಿ ಇದ್ದುದನ್ನು ಗಮನಿಸದೆ ಹೋದವರು ಮುಂದೊಂದು ದಿನ ಅದನ್ನು ಬೇರೆ ಯಾರಿಂದಲೋ ಕೇಳಿ ಗಾಬರಿಪಡುತ್ತಾರೆ.

ಇದರ ಜೊತೆಗೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ಒಂದು ನಕ್ಷೆ ಇದ್ದರೆ ಸಾಕು. ನಕ್ಷೆ ಅನೇಕ ಪ್ರತಿಗಳ ಕೊನೆಯಲ್ಲಿಯೇ ಇರುತ್ತದೆ. ವ್ಯಾಖ್ಯಾನ ಗ್ರಂಥಗಳನ್ನೂ ಸ್ಟಡಿ ಬೈಬಲನ್ನೂ (ಪುಟಪುಟಕ್ಕೂ ಉದ್ದನೆಯ ವಿವರಣೆಗಳಿರುವ ಬೈಬಲ್) ಸದ್ಯಕ್ಕೆ ಕೈಗೆ ಸಿಗದಷ್ಟು ದೂರದಲ್ಲಿ ಇಡಿ. ಅವುಗಳ ಸರದಿ ಏಳನೆಯ ಹಂತದಲ್ಲಿ ಬರುತ್ತದೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆರು ಕಾಲಸೂಚನೆಗಳನ್ನು ಬರೆದಿಡಿ: ದಾವೀದನ ಆಳ್ವಿಕೆ, ಕ್ರಿ.ಪೂ. ಸುಮಾರು 1000, ಉತ್ತರದ ಇಸ್ರಾಯೇಲ್ ರಾಜ್ಯ ಅಶ್ಶೂರರಿಗೆ ಸೋತದ್ದು, ಕ್ರಿ.ಪೂ. 722, ಯೆರೂಸಲೇಮ್ ಬಾಬೆಲಿನವರಿಗೆ ವಶವಾಗಿ ಜನರು ಸೆರೆ ಹೋದದ್ದು, ಕ್ರಿ.ಪೂ. 586, ಪಾರಸಿಯ ಅರಸ ಕೋರೆಷ ಬಾಬೆಲನ್ನು ಗೆದ್ದದ್ದು, ಕ್ರಿ.ಪೂ. 539, ಯೇಸುವಿನ ಶಿಲುಬೆ ಮರಣ, ಕ್ರಿ.ಶ. ಸುಮಾರು 30, ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದ್ದು, ಕ್ರಿ.ಶ. 70. ಯಾವ ಪುಸ್ತಕವನ್ನು ತೆರೆದರೂ ಅದರಲ್ಲಿನ ಘಟನೆಗಳು ಈ ಆರರಲ್ಲಿ ಯಾವುದರ ಹಿಂದೆ, ಯಾವುದರ ಮುಂದೆ ಬರುತ್ತವೆ ಎಂದು ನೋಡಿಕೊಂಡರೆ ಪ್ರವಾದಿಗಳ ಪುಸ್ತಕಗಳಲ್ಲಿ ದಾರಿ ತಪ್ಪುವ ಸಂಭವ ಬಹಳ ಕಡಿಮೆಯಾಗುತ್ತದೆ.

## ಹಂತ 1: ಹೊತ್ತು ಮತ್ತು ಜಾಗವನ್ನು ಗೊತ್ತುಮಾಡಿ

ಎಷ್ಟು ಅಧ್ಯಾಯ ಓದಬೇಕೆಂದು ತೀರ್ಮಾನಿಸುವುದಕ್ಕಿಂತ ಮೊದಲು ಯಾವಾಗ, ಎಲ್ಲಿ ಓದುತ್ತೀರಿ ಎಂಬುದು ತೀರ್ಮಾನವಾಗಬೇಕು. 'ಬಿಡುವಾದಾಗ ಓದುತ್ತೇನೆ' ಎನ್ನುವವರಿಗೆ ಬಿಡುವಾಗುವುದೇ ಇಲ್ಲ. ಈಗಾಗಲೇ ತಪ್ಪದೆ ನಡೆಯುತ್ತಿರುವ ಒಂದು ಕೆಲಸದ ಬೆನ್ನಿಗೆ ಓದನ್ನು ಕಟ್ಟಿ: ಬೆಳಗಿನ ಸ್ನಾನವಾದ ಕೂಡಲೇ, ಅಥವಾ ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ. ಇಪ್ಪತ್ತು ನಿಮಿಷ ಸಾಕು. ಪುಸ್ತಕ, ನೋಟ್‌ಬುಕ್ಕು, ಪೆನ್ಸಿಲ್ಲು ಮೂರೂ ಆ ಜಾಗದಲ್ಲಿಯೇ ಕಾಯಂ ಆಗಿ ಇರಲಿ. ಹುಡುಕಾಟಕ್ಕೆ ಹೋದ ಐದು ನಿಮಿಷವೇ ಎಷ್ಟೋ ದಿನಗಳ ಓದನ್ನು ನುಂಗಿಬಿಡುತ್ತದೆ.

ಫೋನಿನಲ್ಲಿ ಓದುವವರು ಏರೋಪ್ಲೇನ್ ಮೋಡ್ ಹಾಕಿಕೊಂಡು ಕುಳಿತುಕೊಳ್ಳಬೇಕು. ಆಯ್ಕೆಯಿದ್ದರೆ ಮೊದಲ ಕೆಲವು ತಿಂಗಳು ಮುದ್ರಿತ ಪ್ರತಿಯೇ ಲೇಸು. ಒಂದು ಘಟನೆ ಪುಸ್ತಕದ ಯಾವ ಭಾಗದಲ್ಲಿ, ಪುಟದ ಯಾವ ಬದಿಯಲ್ಲಿ ಇತ್ತೆಂಬ ನೆನಪು ಮತ್ತೆ ಹುಡುಕುವಾಗ ಬಹಳ ನೆರವಾಗುತ್ತದೆ.

ಅಭ್ಯಾಸ 21 ದಿನಗಳಲ್ಲಿ ಕುದುರುತ್ತದೆ ಎಂಬ ಮಾತನ್ನು ನಂಬಿ 22ನೆಯ ದಿನ ನಿರಾಶರಾಗಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು ಊಟ, ಪಾನೀಯ, ವ್ಯಾಯಾಮಗಳಿಗೆ ಸಂಬಂಧಿಸಿದ ದಿನನಿತ್ಯದ ಅಭ್ಯಾಸಗಳನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ನಡವಳಿಕೆ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಗಿದ್ದವು, ವ್ಯಕ್ತಿಯಿಂದ ವ್ಯಕ್ತಿಗೆ ಇದು 18 ದಿನದಿಂದ 254 ದಿನದವರೆಗೆ ವ್ಯತ್ಯಾಸವಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂತಹ ಧಕ್ಕೆಯಾಗಲಿಲ್ಲವೆಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು. ಎಂಟನೆಯ ಹಂತದಲ್ಲಿ ಈ ಮಾತು ಉಪಯೋಗಕ್ಕೆ ಬರುತ್ತದೆ.

## ಹಂತ 2: ಓದುವ ಪುಸ್ತಕಗಳ ಅನುಕ್ರಮವನ್ನು ಬರೆದಿಡಿ

ಪ್ರೊಟೆಸ್ಟಂಟ್ ಬೈಬಲಿನಲ್ಲಿ ಒಟ್ಟು 1189 ಅಧ್ಯಾಯಗಳಿವೆ. ವರ್ಷದೊಳಗೆ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಅಧ್ಯಾಯ ಓದಬೇಕು. ಸ್ಕಾಟ್ಲೆಂಡಿನ ಧರ್ಮಬೋಧಕ ರಾಬರ್ಟ್ ಮರ್ರೆ ಮೆಕ್‌ಷೇನ್ 1842ರಲ್ಲಿ ತನ್ನ ಸಭೆಗಾಗಿ ಮಾಡಿದ, ಇಂದಿಗೂ ಬಳಕೆಯಲ್ಲಿರುವ ಯೋಜನೆಯಲ್ಲಿ ದಿನಕ್ಕೆ ನಾಲ್ಕು ಬೇರೆ ಬೇರೆ ಕಡೆಯ ಅಧ್ಯಾಯಗಳಿವೆ. ಓದಿ ಪಳಗಿದವರಿಗೆ ಅದು ಒಳ್ಳೆಯ ಯೋಜನೆ. ಹೊಸಬರಿಗೆ ಕೊಟ್ಟರೆ ನಾಲ್ಕು ಕಥೆಗಳ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು, ಕೊನೆಗೆ ಗುರುತು ಹಾಕುವ ಕೆಲಸವೊಂದೇ ಉಳಿಯುತ್ತದೆ.

ನಾನು ಸೂಚಿಸುವ ಮೊದಲ ವರ್ಷದ ಅನುಕ್ರಮ ಹೀಗಿದೆ:

1. ಮಾರ್ಕ (16 ಅಧ್ಯಾಯ)
2. ಆದಿಕಾಂಡ (50)
3. ವಿಮೋಚನಕಾಂಡ 1–20 ಮತ್ತು 32–34 (23)
4. ಲೂಕ (24), ಅದರ ಬೆನ್ನಿಗೇ ಅಪೊಸ್ತಲರ ಕೃತ್ಯಗಳು (28)
5. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ (4), ಯಾಕೋಬ (5)
6. ರೂತಳು (4), 1 ಸಮುವೇಲ (31), 2 ಸಮುವೇಲ (24)
7. ಯೋನ (4), ಆಮೋಸ (9)
8. ಯೋಹಾನ (21), ರೋಮಾಪುರದವರಿಗೆ ಬರೆದ ಪತ್ರಿಕೆ (16)

ಕೂಡಿಸಿದರೆ 259 ಅಧ್ಯಾಯಗಳಾಗುತ್ತವೆ. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಅಧ್ಯಾಯದಂತೆ ಓದಿದರೆ 52 ವಾರಗಳಲ್ಲಿ ಒಂದು ದಿನ ಮಿಗುತ್ತದೆ. ಉಳಿದ ಎರಡು ದಿನಗಳಲ್ಲಿ ಒಂದನ್ನು ತಪ್ಪಿದ್ದನ್ನು ಓದಲು, ಇನ್ನೊಂದನ್ನು ಒಂದು ಕೀರ್ತನೆಯನ್ನು (ಬೈಬಲಿನ ಪ್ರಾರ್ಥನಾ ಗೀತೆಗಳ ಪುಸ್ತಕದ ಒಂದು ಹಾಡು) ನಿಧಾನವಾಗಿ ಗಟ್ಟಿಯಾಗಿ ಓದಲು ಇಟ್ಟುಕೊಳ್ಳಿ.

ಈ ಜೋಡಣೆಗೆ ಕಾರಣಗಳಿವೆ. ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದು ಅತಿ ಚಿಕ್ಕದು. ಗಟ್ಟಿಯಾಗಿ ಓದಿದರೂ ಒಂದೂವರೆಯಿಂದ ಎರಡು ಗಂಟೆಯೊಳಗೆ ಮುಗಿಯುವಂಥದ್ದು. ಅದರ ಮೊದಲರ್ಧ 'ಈತನು ಯಾರು?' ಎಂಬ ಪ್ರಶ್ನೆಯ ಸುತ್ತ ತಿರುಗುತ್ತದೆ (4:41). 8:29ರಲ್ಲಿ ಶಿಷ್ಯನಾದ ಪೇತ್ರನು ಅದಕ್ಕೆ ಉತ್ತರ ಕೊಟ್ಟ ಮೇಲೆ 8:31, 9:31, 10:33 ಎಂದು ಮೂರು ಸಲ ಮರಣದ ಮುನ್ಸೂಚನೆ ಬಂದು, ಕಥೆ ಯೆರೂಸಲೇಮಿನ ಕಡೆಗೆ ತಿರುಗುತ್ತದೆ. ಇಡೀ ಪುಸ್ತಕವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಮೊದಲ ಅನುಭವ ಇಲ್ಲಿ ಸುಲಭವಾಗಿ ಸಿಗುತ್ತದೆ. ಲೂಕ ಮತ್ತು ಅಪೊಸ್ತಲರ ಕೃತ್ಯಗಳು ಒಬ್ಬನೇ ಲೇಖಕ ಥೆಯೊಫಿಲನೆಂಬವನಿಗೆ ಬರೆದ ಎರಡು ಭಾಗಗಳಾದುದರಿಂದ ಅವು ಒಟ್ಟಿಗಿರಬೇಕು. ಕೃತ್ಯಗಳು 16ರಲ್ಲಿ ಫಿಲಿಪ್ಪಿಯ ಸೆರೆಮನೆಯ ಘಟನೆಯನ್ನು ಓದಿದವರಿಗೆ, ಮುಂದೆ ಪೌಲನು ಬೇರೊಂದು ಸೆರೆಯಿಂದ ಅದೇ ಊರಿನವರಿಗೆ ಬರೆದ ಪತ್ರಿಕೆ ಪರಿಚಿತರ ಕಾಗದದಂತೆ ಕಾಣುತ್ತದೆ.

ಹೊಸ ಒಡಂಬಡಿಕೆಯ ಮೊದಲ ಪುಸ್ತಕ ಮತ್ತಾಯನ ಸುವಾರ್ತೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ವಂಶಾವಳಿಯಿಂದ ಆರಂಭವಾಗುತ್ತದೆ. ಆದಿಕಾಂಡವನ್ನೂ ರೂತಳನ್ನೂ ಸಮುವೇಲನನ್ನೂ ಓದಿ ಮುಗಿಸಿದವರು ಎರಡನೆಯ ವರ್ಷದಲ್ಲಿ ಅಲ್ಲಿಗೆ ಬಂದರೆ, ತಾಮಾರಳು, ರೂತಳು, ಊರೀಯನ ಹೆಂಡತಿ ಆ ಪಟ್ಟಿಯೊಳಗೆ ಹೇಗೆ ಬಂದರು ಎಂದು ಕೇಳಿಕೊಳ್ಳುತ್ತಾರೆ. ಇತರರಿಗೆ ಅದು ಬರಿಯ ಹೆಸರುಗಳ ಸಾಲು.

## ಹಂತ 3: ಒಂದು ದಿನದ ಓದಿನ ಒಳಕ್ರಮ

ಕುಳಿತ ಕೂಡಲೇ ಒಂದು ನಿಮಿಷ ಸುಮ್ಮನಿರಿ. ಪ್ರಾರ್ಥಿಸುವವರಿಗೆ ಕೀರ್ತನೆ 119:18 ಇದಕ್ಕೆಂದೇ ಹೇಳಿ ಮಾಡಿಸಿದಂತಿದೆ. ಬಳಿಕ ನಿನ್ನೆ ಬರೆದ ಟಿಪ್ಪಣಿಯನ್ನು ಮಾತ್ರ ಓದಿ, ಕಥೆ ಎಲ್ಲಿಗೆ ಬಂದು ನಿಂತಿತ್ತೆಂದು ನೆನಪಿಸಿಕೊಳ್ಳಿ.

ಇಂದಿನ ಭಾಗವನ್ನು ಮೊದಲ ಸಲ ಎಲ್ಲಿಯೂ ನಿಲ್ಲದೆ, ಸಾಧ್ಯವಾದರೆ ಬಾಯಿಬಿಟ್ಟು ಓದಿ. ಅರ್ಥವಾಗದ ಹೆಸರು ಬಂದರೂ ನಿಲ್ಲಬೇಡಿ. ಎರಡನೆಯ ಸಲ ಪೆನ್ಸಿಲ್ ಹಿಡಿದು ನಿಧಾನವಾಗಿ ಓದುತ್ತಾ, ಮತ್ತೆ ಮತ್ತೆ ಬಂದ ಮಾತಿಗೆ ಅಡಿಗೆರೆ ಎಳೆಯಿರಿ, ಗೊಂದಲವಾದಲ್ಲಿ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಆಮೇಲೆ ಪುಸ್ತಕ ಮುಚ್ಚಿ, ಓದಿದ್ದನ್ನು ನಿಮ್ಮ ಮಾತಿನಲ್ಲಿ ನಾಲ್ಕು ವಾಕ್ಯಗಳಲ್ಲಿ ಹೇಳಿಕೊಳ್ಳಿ. ಬಹುತೇಕರು ಹಾರಿಸಿಬಿಡುವ ಭಾಗ ಇದು, ಮತ್ತು ಹಾರಿಸಬಾರದ ಭಾಗವೂ ಇದೇ. ಹೇಳಲು ಆಗಲಿಲ್ಲವೆಂದರೆ ಕಣ್ಣು ಓಡಿದೆ, ಮನಸ್ಸು ಓದಿಲ್ಲ. ಆ ದಿನ ಮುಂದಿನ ಅಧ್ಯಾಯಕ್ಕೆ ಹೋಗದೆ ಅದನ್ನೇ ಇನ್ನೊಮ್ಮೆ ಓದಿ. ಕೊನೆಗೆ ನೋಟ್‌ಬುಕ್ಕಿನಲ್ಲಿ ಎರಡೇ ಸಾಲು ಬರೆಯಿರಿ: ಇಲ್ಲಿ ನಡೆದದ್ದು ಅಥವಾ ಹೇಳಿದ್ದು ಏನು ಎಂಬುದೊಂದು, ನನಗೆ ಉಳಿದ ಪ್ರಶ್ನೆ ಯಾವುದು ಎಂಬುದೊಂದು.

ಅಧ್ಯಾಯದ ಗಡಿಯನ್ನು ಕಟ್ಟುನಿಟ್ಟಾಗಿ ನಂಬಬೇಡಿ. ಮೂಲ ಬರಹಗಳಲ್ಲಿ ಈಗಿನ ಅಧ್ಯಾಯ, ವಚನ ಸಂಖ್ಯೆಗಳು ಇರಲಿಲ್ಲ. ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ್ದು, ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳು ಮುದ್ರಕ ರಾಬರ್ಟ್ ಎಸ್ಟಿಯೆನ್ 1551ರಲ್ಲಿ ಹಾಕಿದವು. ಹೀಗಾಗಿ ಕೆಲವೆಡೆ ಗೆರೆ ತಪ್ಪು ಜಾಗದಲ್ಲಿ ಬಿದ್ದಿದೆ. ಯೆಶಾಯನ ಪುಸ್ತಕದಲ್ಲಿ ಕಷ್ಟಪಡುವ ದೇವರ ಸೇವಕನ ಕುರಿತ ಹಾಡು 52:13ರಲ್ಲಿ ಶುರುವಾಗುತ್ತದೆ, 53ನೆಯ ಅಧ್ಯಾಯದಿಂದ ಓದಲು ತೊಡಗುವವರು ಅದರ ತಲೆಯನ್ನೇ ಕತ್ತರಿಸಿದಂತಾಗುತ್ತದೆ. ಆದಿಕಾಂಡದ ಏಳನೆಯ ದಿನ ಎರಡನೆಯ ಅಧ್ಯಾಯಕ್ಕೆ ಸರಿದುಬಿಟ್ಟಿದೆ. ಘಟನೆ ಮುಗಿಯುವ ತನಕ ಓದುವುದೇ ಸರಿಯಾದ ಅಳತೆ.

## ಹಂತ 4: ಮೂರು ಪ್ರಶ್ನೆಗಳನ್ನು ಅದಲುಬದಲು ಮಾಡದೆ ಕೇಳಿ

ಓದಿದ ಭಾಗಕ್ಕೆ ಮೂರು ಪ್ರಶ್ನೆಗಳನ್ನು ಈ ಅನುಕ್ರಮದಲ್ಲಿ ಕೇಳಬೇಕು. ಇಲ್ಲಿ ಏನಿದೆ? ಮೊದಲ ಕೇಳುಗರಿಗೆ ಇದು ಏನನ್ನು ತಿಳಿಸಿತು? ಇದರಿಂದ ನಾನು ಏನು ಮಾಡಬೇಕು, ಅಥವಾ ಹೇಗೆ ಯೋಚಿಸಬೇಕು? ಸಾಮಾನ್ಯವಾಗಿ ಆಗುವ ತಪ್ಪೆಂದರೆ ಮೂರನೆಯದರಿಂದಲೇ ಹೊರಡುವುದು. 'ಇವತ್ತು ನನಗೆ ಏನು ಸಂದೇಶ?' ಎಂದು ಹುಡುಕುತ್ತಾ ಓದುವವರಿಗೆ ತಾವು ಮೊದಲೇ ತಿಳಿದಿದ್ದ ಪಾಠವೇ ಎಲ್ಲ ಪುಟಗಳಲ್ಲಿಯೂ ಸಿಗುತ್ತದೆ.

ಮಾರ್ಕ 5:21–43ನ್ನು ತೆಗೆದುಕೊಳ್ಳೋಣ. ಸಭಾಮಂದಿರದ ಅಧಿಕಾರಿಯಾದ ಯಾಯೀರನು ಸಾಯುವ ಸ್ಥಿತಿಯಲ್ಲಿರುವ ಮಗಳಿಗಾಗಿ ಯೇಸುವಿನ ಬಳಿಗೆ ಬರುತ್ತಾನೆ. ದಾರಿಯಲ್ಲಿ ರಕ್ತಸ್ರಾವದಿಂದ ಬಳಲುತ್ತಿದ್ದ ಹೆಂಗಸೊಬ್ಬಳು ಗುಂಪಿನಲ್ಲಿ ಬಂದು ಆತನ ಉಡುಪನ್ನು ಮುಟ್ಟುತ್ತಾಳೆ. ಅವಸರದಲ್ಲಿ ಓದುವವರು ಇಲ್ಲಿ 'ನಂಬಿಕೆಯಿದ್ದರೆ ರೋಗ ವಾಸಿಯಾಗುತ್ತದೆ' ಎಂದು ಬರೆದು ಮುಗಿಸುತ್ತಾರೆ.

ಮೊದಲ ಪ್ರಶ್ನೆಯೊಂದನ್ನೇ ಹಿಡಿದು ಕುಳಿತರೆ ಕಾಣುವುದು ಎಷ್ಟೋ ಇದೆ. ಹೆಂಗಸು ಕಾಯಿಲೆ ಬಿದ್ದು 12 ವರ್ಷಗಳಾಗಿವೆ, ಹುಡುಗಿಯ ವಯಸ್ಸೂ 12. ಈ ಎರಡನೆಯ ಸಂಖ್ಯೆಯನ್ನು ಮಾರ್ಕನು ಕಥೆಯ ಕೊನೆಯವರೆಗೆ ಹೇಳದೆ ಇಟ್ಟುಕೊಂಡಿದ್ದಾನೆ. ಯಾಯೀರನೂ ಪಾದಕ್ಕೆ ಬೀಳುತ್ತಾನೆ, ಆ ಹೆಂಗಸೂ ಬೀಳುತ್ತಾಳೆ. ಒಬ್ಬನಿಗೆ ಹೆಸರೂ ಸ್ಥಾನವೂ ಇವೆ, ಇನ್ನೊಬ್ಬಳಿಗೆ ಹೆಸರಿಲ್ಲ, ಹಣವೆಲ್ಲ ವೈದ್ಯರಿಗೆ ಹೋಗಿದೆ. ಯೇಸು ಅವಳನ್ನು 'ಮಗಳೇ' ಎಂದು ಕರೆಯುತ್ತಿರುವಾಗಲೇ ಯಾಯೀರನ ಮಗಳು ತೀರಿಹೋದಳೆಂಬ ಸುದ್ದಿ ಬರುತ್ತದೆ. ಒಬ್ಬ ಮಗಳಿಗಾಗಿ ನಿಂತ ಹೊತ್ತು ಇನ್ನೊಬ್ಬ ಮಗಳ ಪಾಲಿಗೆ ತಡವಾಯಿತೇ ಎಂದು ಯಾಯೀರನು ನಡುಗಿದ್ದಿರಬೇಕು. 'ಹೆದರಬೇಡ, ನಂಬಿಕೆಯೊಂದೇ ಇರಲಿ' ಎಂಬ ಅರ್ಥದ ಮಾತನ್ನು ಅವನು ಕೇಳುವುದು ಆ ಗಳಿಗೆಯಲ್ಲಿ.

ಎರಡನೆಯ ಪ್ರಶ್ನೆಗೆ ಬಂದಾಗ, ಆ ಹೆಂಗಸು ನಡುಗುತ್ತಾ ಬಂದದ್ದೇಕೆ ಎಂಬುದು ತಿಳಿಯಬೇಕಾಗುತ್ತದೆ. ಅದಕ್ಕೆ ಉತ್ತರ ಯಾಜಕಕಾಂಡ 15:25–27ರಲ್ಲಿದೆ. ಆ ವಿಧಿಯ ಪ್ರಕಾರ ಇಂತಹ ಸ್ರಾವವಿರುವವಳು ಅಶುದ್ಧಳು, ಅವಳು ಮಲಗಿದ, ಕುಳಿತ ವಸ್ತುಗಳನ್ನು ಮುಟ್ಟಿದವರೂ ಅಶುದ್ಧರು. ಅರಣ್ಯಕಾಂಡ 19:11ರಲ್ಲಿ ಹೆಣವನ್ನು ಮುಟ್ಟಿದವನು ಏಳು ದಿನ ಅಶುದ್ಧನೆಂದಿದೆ. ಯೇಸು ಹುಡುಗಿಯ ಕೈಹಿಡಿದು ಎಬ್ಬಿಸುತ್ತಾನೆ. ಆಗ ಎರಡು ಘಟನೆಗಳೂ ಒಂದೇ ದಿಕ್ಕಿಗೆ ನೋಡುತ್ತಿವೆಯೆಂದು ಕಾಣುತ್ತದೆ, ನೀರಸವೆಂದು ಬಿಟ್ಟಿದ್ದ ವಿಧಿಗಳನ್ನು ತೆರೆಯಲು ಒಂದು ಕಾರಣವೂ ಸಿಗುತ್ತದೆ. ಇಂತಹ ಪ್ರಶ್ನೆಯನ್ನು ಹಿಡಿದು ಹಿಂದಕ್ಕೆ ಹೋದಾಗಲೇ ಧರ್ಮಶಾಸ್ತ್ರದ ಪುಸ್ತಕಗಳು ಓದಿಸಿಕೊಳ್ಳುತ್ತವೆ.

ಮೂರನೆಯ ಪ್ರಶ್ನೆಗೆ ಉತ್ತರ ಈ ಎರಡರಿಂದ ಹುಟ್ಟಬೇಕು. ತಡವಾಯಿತೆಂದು ಅನ್ನಿಸಿದಾಗ ಏನು ಮಾಡುತ್ತೇನೆ, ಅವಸರದಲ್ಲಿರುವಾಗ ದಾರಿಯಲ್ಲಿ ಸಿಕ್ಕವರನ್ನು ಹೇಗೆ ಕಾಣುತ್ತೇನೆ ಎಂಬಂತಹ ಪ್ರಶ್ನೆಗಳು ಈ ಕಥೆಯ ಒಳಗಿನಿಂದಲೇ ಬಂದವು. ಪ್ರತಿದಿನವೂ ಇಷ್ಟು ಆಳಕ್ಕೆ ಇಳಿಯಲಾಗದು, ವಾರಕ್ಕೊಮ್ಮೆ ಒಂದು ಭಾಗವನ್ನು ಹೀಗೆ ಬಿಡಿಸಿದರೆ ಸಾಕು.

## ಹಂತ 5: ಬರಹದ ಬಗೆಗೆ ತಕ್ಕಂತೆ ಓದುವ ರೀತಿಯನ್ನು ಬದಲಿಸಿ

ಚರಿತ್ರೆಯ ಭಾಗಗಳನ್ನು ಓದುವಾಗ ನಡೆದದ್ದನ್ನು ಹೇಳುವುದು ಬೇರೆ, ಮೆಚ್ಚುವುದು ಬೇರೆ ಎಂಬುದು ನೆನಪಿರಲಿ. ಯಾಕೋಬನು ಕುರುಡು ತಂದೆಯನ್ನು ವಂಚಿಸಿದ್ದನ್ನು ಆದಿಕಾಂಡ 27 ಖಂಡಿಸದೆ ಹೇಳಿ ಮುಗಿಸುತ್ತದೆ, ಆದರೆ 29ನೆಯ ಅಧ್ಯಾಯದಲ್ಲಿ ಕತ್ತಲಲ್ಲಿ ರಾಹೇಲಳ ಬದಲು ಲೇಯಳನ್ನು ಪಡೆದು ಅವನೇ ಮೋಸ ಹೋಗುತ್ತಾನೆ. ಬೈಬಲಿನ ಕಥೆಗಾರರು ತೀರ್ಪನ್ನು ಅನೇಕ ಸಲ ಹೀಗೆ ಘಟನೆಗಳ ಮೂಲಕವೇ ಕೊಡುವುದರಿಂದ ಮುಂದಿನ ಅಧ್ಯಾಯಗಳನ್ನು ಓದುವ ತನಕ ಕಾಯಬೇಕು.

ಕೀರ್ತನೆಗಳಲ್ಲಿ ಒಂದು ಸಾಲಿನ ಮಾತನ್ನು ಮುಂದಿನ ಸಾಲು ಬೇರೆ ಪದಗಳಲ್ಲಿ ಮರುನುಡಿಯುತ್ತದೆ, ಇಲ್ಲವೇ ಎದುರಿಡುತ್ತದೆ. ಆದ್ದರಿಂದ ಎರಡೆರಡು ಸಾಲುಗಳನ್ನು ಜೋಡಿಯಾಗಿ ಓದಬೇಕು. ಅಲ್ಲಿ ದೂರು, ಸಿಟ್ಟು, ಕಣ್ಣೀರೂ ಇವೆ. 13ನೆಯ ಕೀರ್ತನೆ 'ಎಷ್ಟು ಕಾಲ?' ಎಂಬ ಪ್ರಶ್ನೆಯಿಂದಲೇ ತೊಡಗುತ್ತದೆ. ಅದನ್ನು ಬೋಧನೆಯಾಗಿ ಬಿಡಿಸದೆ ಪ್ರಾರ್ಥನೆಯಾಗಿಯೇ ಓದಿ.

ಜ್ಞಾನೋಕ್ತಿಗಳು ಎಲ್ಲ ಕಾಲಕ್ಕೂ ಒಂದೇ ರೀತಿ ಅನ್ವಯವಾಗುವ ಕಾನೂನುಗಳಲ್ಲ, ಸಂದರ್ಭ ನೋಡಿ ಬಳಸುವ ಅನುಭವದ ಮಾತುಗಳು. 26:4 ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎನ್ನುತ್ತದೆ, ಮರುವಚನವೇ ಕೊಡು ಎನ್ನುತ್ತದೆ. ಯಾವಾಗ ಯಾವುದೆಂದು ನಿರ್ಧರಿಸುವುದು ಓದುಗನಿಗೆ ಬಿಟ್ಟದ್ದು. ಯೋಬನ ಪುಸ್ತಕದಲ್ಲಿ ಎಚ್ಚರ ಇನ್ನೂ ಹೆಚ್ಚಬೇಕು. ಅವನ ಸ್ನೇಹಿತರು ಅಧ್ಯಾಯಗಟ್ಟಲೆ ಆಡಿದ ಗಂಭೀರ ಮಾತುಗಳ ಬಗ್ಗೆ, ಅವರು ತನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಲಿಲ್ಲವೆಂದು 42:7ರಲ್ಲಿ ದೇವರೇ ಹೇಳುತ್ತಾನೆ. ಆ ಮಾತುಗಳನ್ನು ಬಿಡಿಯಾಗಿ ಎತ್ತಿ ಗೋಡೆಗೆ ಅಂಟಿಸಿಕೊಳ್ಳುವವರು ಇದ್ದಾರೆ!

ಸಾಮ್ಯಗಳನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಗಳನ್ನು, ಓದುವಾಗ ಯಾರಿಗೆ, ಯಾಕೆ ಹೇಳಿದ್ದೆಂದು ಮೊದಲು ಹುಡುಕಿ. ಲೂಕ 15ರ ಮೂರು ಸಾಮ್ಯಗಳೂ ಯೇಸು ಪಾಪಿಗಳೊಂದಿಗೆ ಊಟ ಮಾಡುತ್ತಾನೆಂದು ಧರ್ಮವಿಧಿಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಫರಿಸಾಯರೆಂಬ ಯೆಹೂದಿ ಪಂಗಡದವರು ಗೊಣಗಿದ್ದಕ್ಕೆ ಕೊಟ್ಟ ಉತ್ತರ. ಅದನ್ನು ಗಮನಿಸಿದರೆ, ತಪ್ಪಿಹೋದ ಮಗನ ಕಥೆಯಲ್ಲಿ ಮನೆಯೊಳಗೆ ಬರಲೊಲ್ಲದೆ ಹೊರಗೆ ನಿಂತ ಹಿರಿಯ ಮಗನ ತೂಕ ಹೆಚ್ಚುತ್ತದೆ. ಪ್ರಕಟಣೆ ಪುಸ್ತಕವನ್ನು ಮೊದಲ ವರ್ಷ ಮುಟ್ಟದಿರುವುದು ಒಳ್ಳೆಯದು. ಅದರ ಚಿತ್ರಗಳಲ್ಲಿ ಅನೇಕವು ದಾನಿಯೇಲ, ಯೆಹೆಜ್ಕೇಲ, ವಿಮೋಚನಕಾಂಡಗಳಿಂದ ಬಂದವು, ಆ ಪುಸ್ತಕಗಳ ಪರಿಚಯವಿಲ್ಲದವರು ಅವನ್ನು ಆ ದಿನದ ಸುದ್ದಿಗಳಿಗೆ ಜೋಡಿಸಿ ಓದಲು ತೊಡಗುತ್ತಾರೆ.

## ಹಂತ 6: ಬಿಡಿ ವಚನವನ್ನು ಅದರ ಸ್ಥಾನಕ್ಕೆ ಮರಳಿಸಿ ನೋಡಿ

ಮನಸ್ಸಿಗೆ ಹಿಡಿದ ಯಾವುದೇ ವಚನವನ್ನು ಬಾಯಿಪಾಠ ಮಾಡುವ ಮೊದಲು ಅದರ ಹಿಂದಿನ ಹತ್ತು, ಮುಂದಿನ ಹತ್ತು ವಚನಗಳನ್ನು ಓದಿ. ಯೆರೆಮೀಯ 29:11 ಒಳ್ಳೆಯ ನಿರೀಕ್ಷೆಯ ಮಾತೆಂದು ಎಲ್ಲೆಡೆ ಕಾಣಸಿಗುತ್ತದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಬರೆದ ಕಾಗದದ ಒಂದು ಸಾಲು. ಅದರ ಹಿಂದಿನ ವಚನವೇ 70 ವರ್ಷ ಕಾಯಬೇಕೆಂದು ಹೇಳುತ್ತದೆ. ಅದಕ್ಕೂ ಮೊದಲು ಅಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಹಿತಕ್ಕಾಗಿ ಪ್ರಾರ್ಥಿಸಿ ಎಂಬ ಆಜ್ಞೆಯಿದೆ. 28ನೆಯ ಅಧ್ಯಾಯದಲ್ಲಿ ಹನನ್ಯನೆಂಬವನು ಎರಡೇ ವರ್ಷಗಳಲ್ಲಿ ಎಲ್ಲ ಸರಿಹೋಗುತ್ತದೆಂದು ಸಾರಿ ಸುಳ್ಳು ಪ್ರವಾದಿಯೆನಿಸಿಕೊಂಡಿದ್ದ. ಹಾಗಿದ್ದೂ ಆ ವಚನವನ್ನು ಬೇಗನೆ ಈಡೇರುವ ಭರವಸೆಯಾಗಿ ಬಳಸುವವರು ತಿಳಿಯದೆಯೇ ಯೆರೆಮೀಯನನ್ನು ಬಿಟ್ಟು ಹನನ್ಯನ ಪಕ್ಷ ಸೇರಿರುತ್ತಾರೆ.

ಫಿಲಿಪ್ಪಿ 4:13ರಲ್ಲಿ 'ಎಲ್ಲಕ್ಕೂ ಶಕ್ತನಾಗಿದ್ದೇನೆ' ಎಂಬರ್ಥದ ಮಾತು ಕೂಡ ಹೀಗೆಯೇ. ಮೇಲಿನ ಎರಡು ವಚನಗಳಲ್ಲಿ ಪೌಲನು ಹಸಿವಿನಲ್ಲಿಯೂ ಸಮೃದ್ಧಿಯಲ್ಲಿಯೂ ತೃಪ್ತನಾಗಿರಲು ಕಲಿತಿದ್ದೇನೆ ಎನ್ನುತ್ತಾನೆ. ಪರೀಕ್ಷೆಯಲ್ಲೋ ಪಂದ್ಯದಲ್ಲೋ ಗೆಲ್ಲುವ ಮಾತು ಅಲ್ಲಿಲ್ಲ. ಕಣ್ಣುಮುಚ್ಚಿ ಪುಸ್ತಕ ತೆರೆದು ಬೆರಳಿಟ್ಟಲ್ಲಿ ಸಿಕ್ಕ ವಚನವನ್ನು ಆ ದಿನದ ನಿರ್ಣಯಕ್ಕೆ ಬಳಸುವ ರೂಢಿಯನ್ನಂತೂ ಪೂರ್ತಿ ಬಿಡಬೇಕು.

## ಹಂತ 7: ಹೊರಗಿನ ನೆರವನ್ನು ಕೊನೆಯಲ್ಲಿ ತೆಗೆದುಕೊಳ್ಳಿ

ವಾರದ ಕೊನೆಯಲ್ಲಿ ನೋಟ್‌ಬುಕ್ಕಿನಲ್ಲಿ ಉಳಿದ ಪ್ರಶ್ನೆಗಳನ್ನು ಒಟ್ಟುಮಾಡಿ, ಅವುಗಳಿಗೆ ಮಾತ್ರ ಉತ್ತರ ಹುಡುಕಲು ಸ್ಟಡಿ ಬೈಬಲನ್ನೋ ವ್ಯಾಖ್ಯಾನವನ್ನೋ ತೆರೆಯಿರಿ. ಪ್ರಶ್ನೆಯಿಲ್ಲದೆ ವ್ಯಾಖ್ಯಾನ ಓದಿದರೆ ಅದರ ಅಭಿಪ್ರಾಯವೇ ಮೂಲದ ಮಾತೆಂಬ ಭ್ರಮೆ ಹುಟ್ಟುತ್ತದೆ. ಒಂದೇ ಪ್ರಶ್ನೆಗೆ ಎರಡು ವ್ಯಾಖ್ಯಾನಗಳನ್ನು ನೋಡಿದರೆ ಪಂಡಿತರು ಎಲ್ಲಿ ಒಪ್ಪುತ್ತಾರೆ, ಎಲ್ಲಿ ಬೇರೆಯಾಗುತ್ತಾರೆ ಎಂಬುದು ತಿಳಿಯುತ್ತದೆ.

ಓದಿ ಮನಸ್ಸು ಕಲಕುವ ಭಾಗಗಳೂ ಬರುತ್ತವೆ: ನ್ಯಾಯಸ್ಥಾಪಕರು 19ರ ಕ್ರೌರ್ಯ, ಯೆಹೋಶುವನ ಯುದ್ಧಗಳು, 137ನೆಯ ಕೀರ್ತನೆಯ ಕೊನೆಯ ವಚನ. ಅಂತಹ ಕಡೆ ಅವಸರದ ಸಮರ್ಥನೆ ಬೇಡ, ಪುಸ್ತಕ ಮುಚ್ಚುವುದೂ ಬೇಡ. ಪ್ರಶ್ನೆಯನ್ನು ದಿನಾಂಕದೊಂದಿಗೆ ಬರೆದಿಟ್ಟು ಮುಂದೆ ಸಾಗಿ. ಕೆಲವಕ್ಕೆ ಉತ್ತರ ಬೇರೆ ಪುಸ್ತಕದಲ್ಲಿ ಸಿಗುತ್ತದೆ, ಕೆಲವು ಪ್ರಶ್ನೆಗಳು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತವೆ.

## ಹಂತ 8: ತಪ್ಪಿದ ದಿನಗಳು ಮತ್ತು ಎಚ್ಚರಿಕೆಯ ಸೂಚನೆಗಳು

ಒಂದು ದಿನ ತಪ್ಪಿದರೆ ಮರುದಿನ ಎಂದಿನಷ್ಟೇ ಓದಿ. ಬಾಕಿಯನ್ನು ವಾರದ ಬಿಡುವಿನ ದಿನಕ್ಕೆ ಬಿಡಿ. ಒಂದು ವಾರವೇ ತಪ್ಪಿದ್ದರೆ ಬಾಕಿಯ ಲೆಕ್ಕವನ್ನು ಅಳಿಸಿ, ನಿಂತಲ್ಲಿಂದ ಶುರುಮಾಡಿ. ವರ್ಷ ಮುಗಿಯುವುದು ಒಂದು ವಾರ ತಡವಾಗುತ್ತದೆ, ಅಷ್ಟೇ. ಒಂದೇ ರಾತ್ರಿ ಏಳು ಅಧ್ಯಾಯ ನುಂಗಿ ಲೆಕ್ಕ ಸರಿಮಾಡಿದವರು ಮುಂದಿನ ಸಲ ತಪ್ಪಿದಾಗ ಬಾಕಿಯ ಭಯಕ್ಕೇ ಓದು ನಿಲ್ಲಿಸುತ್ತಾರೆ. ಕಾಯಿಲೆ, ಪ್ರಯಾಣ, ಮನೆಯ ಸಂಕಟಗಳ ದಿನಗಳಿಗೆಂದು ಎರಡೇ ವಚನಗಳಿರುವ 117ನೆಯ ಕೀರ್ತನೆಯಂತಹ ಚಿಕ್ಕ ಭಾಗಗಳನ್ನು ಮೊದಲೇ ಗುರುತಿಸಿಟ್ಟುಕೊಂಡರೆ ಕೊಂಡಿ ಕಳಚುವುದಿಲ್ಲ.

ಓದು ಹಳಿ ತಪ್ಪುತ್ತಿದೆಯೆಂದು ತಿಳಿಸುವ ಲಕ್ಷಣಗಳಿವೆ. ಯೋಜನೆಯ ಪಟ್ಟಿಯಲ್ಲಿ ಗುರುತುಗಳೆಲ್ಲ ಬಿದ್ದಿದ್ದರೂ ನಿನ್ನೆ ಓದಿದ್ದೇನೆಂದು ಹೇಳಲಾಗದಿದ್ದರೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಬೇಕು. ಟಿಪ್ಪಣಿಗಳಲ್ಲಿ ಎಲ್ಲ ಭಾಗಗಳಿಗೂ ಒಂದೇ ಪಾಠ ಬರುತ್ತಿದ್ದರೆ ನಾಲ್ಕನೆಯ ಹಂತದ ಮೊದಲ ಪ್ರಶ್ನೆಗೆ ಮರಳಬೇಕು. ವ್ಯಾಖ್ಯಾನಕ್ಕೋ ಪ್ರವಚನದ ವಿಡಿಯೊಗಳಿಗೋ ಹೋಗುವ ಹೊತ್ತು ಮೂಲದ ಓದಿಗಿಂತ ಹೆಚ್ಚಾಗಿದ್ದರೆ ಎರಡು ವಾರ ಅವನ್ನು ನಿಲ್ಲಿಸಿ ನೋಡಬೇಕು. ಓದಿದ ಪ್ರತಿ ಗದರಿಕೆಯೂ ಬೇರೆ ಯಾರಿಗೋ ಸರಿಯಾಗಿ ಒಪ್ಪುತ್ತದೆಂದು ಅನ್ನಿಸುತ್ತಿದ್ದರೆ ಇದು ಎಲ್ಲಕ್ಕಿಂತ ಗಂಭೀರ ಲಕ್ಷಣ. 2 ಸಮುವೇಲ 12ರಲ್ಲಿ ನಾತಾನನು ಹೇಳಿದ ಕಥೆಯನ್ನು ಕೇಳಿ ದಾವೀದನು ಕೋಪದಿಂದ ತೀರ್ಪು ಕೊಟ್ಟಾಗ ಪ್ರವಾದಿಯು ಅವನಿಗೆ ಏನೆಂದನೆಂಬುದನ್ನು ಓದಿಕೊಳ್ಳಿ.

## ಹಂತ 9: ತಿಂಗಳಿಗೆ ಎರಡು ಸಲವಾದರೂ ಇನ್ನೊಬ್ಬರೊಂದಿಗೆ ಓದಿ

ಈ ಹಂತವನ್ನು ಮಾರ್ಕನ ಸುವಾರ್ತೆ ಮುಗಿದ ಮೇಲೆ ಆರಂಭಿಸಬಹುದು. ನಿಮ್ಮದೇ ಅನುಕ್ರಮವನ್ನು ಓದುತ್ತಿರುವ ಒಬ್ಬರಿದ್ದರೂ ಸಾಕು, ನಾಲ್ಕೈದು ಮಂದಿಗಿಂತ ಹೆಚ್ಚಾದರೆ ಮಾತು ಒಬ್ಬಿಬ್ಬರ ಕೈಗೆ ಹೋಗಿಬಿಡುತ್ತದೆ. ಕುಟುಂಬದವರೊಂದಿಗೆ ಓದುವವರು ಚಿಕ್ಕವರಿಗೂ ಗಟ್ಟಿಯಾಗಿ ಓದುವ ಸರದಿ ಕೊಡಬೇಕು. ಅವರು ಕೇಳುವ ನೇರವಾದ ಪ್ರಶ್ನೆಗಳನ್ನು ದೊಡ್ಡವರು ಅನೇಕ ಸಲ ಸಂಕೋಚದಿಂದ ಕೇಳಿರುವುದಿಲ್ಲ.

ಕೂಟಕ್ಕೆ ಒಂದು ಗಂಟೆಯ ಮಿತಿಯಿರಲಿ. ಆ ವಾರಗಳ ಓದಿನಿಂದ ಒಂದೇ ಘಟನೆಯನ್ನು ಆರಿಸಿ, ಒಬ್ಬರು ಪೂರ್ತಿಯಾಗಿ ಓದಲಿ. ಮೊದಲ ಇಪ್ಪತ್ತು ನಿಮಿಷ ಪುಟದಲ್ಲಿ ಕಂಡದ್ದನ್ನು ಮಾತ್ರ, ವಚನ ಸಂಖ್ಯೆಯೊಂದಿಗೆ ಹೇಳಬೇಕೆಂದು ನಿಯಮ ಮಾಡಿಕೊಳ್ಳಿ. ಆ ಅವಧಿಯಲ್ಲಿ ಯಾರಾದರೂ ಉಪದೇಶಕ್ಕೆ ಇಳಿದರೆ 'ಅದು ಯಾವ ವಚನದಲ್ಲಿದೆ?' ಎಂದು ಉಳಿದವರು ಕೇಳುವ ಹಕ್ಕನ್ನು ಮೊದಲ ದಿನವೇ ಎಲ್ಲರೂ ಒಪ್ಪಿಕೊಂಡಿರಬೇಕು. ಅಭಿಪ್ರಾಯಭೇದ ಬಂದಲ್ಲಿ ಎರಡು ಅನುವಾದಗಳನ್ನು ಓದಿ ನೋಡಿ. ಆಗಲೂ ತೀರದಿದ್ದರೆ ಆ ಪ್ರಶ್ನೆಯನ್ನು ಒಬ್ಬರು ವಹಿಸಿಕೊಂಡು, ಮುಂದಿನ ಕೂಟಕ್ಕೆ ವ್ಯಾಖ್ಯಾನಗಳನ್ನು ನೋಡಿಕೊಂಡು ಬರಲಿ.